ಕಾಳಿಯ ಕಲ್ಲು ಇದ್ದ ಊರು

ನಮ್ಮ ನಾಡಿನಲ್ಲಿ ಪ್ರವಾಸ ಹೊರಡುವವರು ಹೆಸರಾಂತ ದೇವಾಲಯಗಳನ್ನೂ ಅರಮನೆಗಳನ್ನೂ ಜಲಪಾತಗಳನ್ನೂ ನೋಡಿ ಬರುವುದು ವಾಡಿಕೆ. ಮೈಸೂರು ಬೆಂಗಳೂರುಗಳ ನಡುವೆ ಓಡಾಡುವವರಿಗೆ ಮದ್ದೂರೆಂದರೆ ವಡೆ ದೊರೆಯುವ ಊರು; ಅಷ್ಟರಿಂದಲೇ ಅದರ ಮಹಿಮೆ ಮುಗಿದುಹೋಗುತ್ತದೆ. ಆದರೆ ಅದೇ ಮದ್ದೂರು ತಾಲ್ಲೂಕಿನಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಒಂದು ನಾಯಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟುಕೊಟ್ಟ ಊರೊಂದುಂಟು. ಶಾಸನಗಳನ್ನು ಓದುವವರು ಅದನ್ನು ಆತಕೂರು ಎನ್ನುತ್ತಾರೆ. ಸುತ್ತಲಿನ ಜನರ ಬಾಯಲ್ಲಿ ಅದು ಆತಗೂರು. ನಾಯಿಯೊಂದರ ದೆಸೆಯಿಂದ ಹೆಸರು ಪಡೆದ ಊರುಗಳು ಹೆಚ್ಚಿಲ್ಲ. ನಾವು ಅಲ್ಲಿಗೆ ಹೋದುದು ಹದಿಮೂರು ವರ್ಷದ ಮಗಳನ್ನೂ ಒಂಬತ್ತು ವರ್ಷದ ನಾಯಿಯನ್ನೂ ಜತೆಯಲ್ಲಿಟ್ಟುಕೊಂಡು. ಆದುದರಿಂದ ಆ ಊರು ನಮಗೆ ಕಂಡ ಬಗೆಯೇ ಬೇರೆಯಾಯಿತು.

ನಮ್ಮ ನಾಯಿಯ ವಿಷಯವನ್ನು ಮೊದಲು ಎರಡು ಮಾತಿನಲ್ಲಿ ಹೇಳಬೇಕು. ಅದರ ಹೆಸರು ಕರಿಯ. ದೊಡ್ಡ ಜಾತಿಯದೇನೂ ಅಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ, ಒಂದು ಮಳೆಗಾಲದ ಸಂಜೆ, ಮೋರಿಯ ಪಕ್ಕದಲ್ಲಿ ಕುಂಯ್‌ಗುಡುತ್ತಿದ್ದ ಮರಿಯನ್ನು ನಾಲ್ಕು ವರ್ಷದ ಮಗಳು ತನ್ನ ಲಂಗದಲ್ಲಿ ಸುತ್ತಿಕೊಂಡು ತಂದಳು. ಒಂದು ರಾತ್ರಿಯ ಮಟ್ಟಿಗೆ ಇರಲಿ ಎಂದರು ನಮ್ಮ ಯಜಮಾನರು. ಆ ಒಂದು ರಾತ್ರಿ ಒಂಬತ್ತು ವರ್ಷವಾಯಿತು. ಮೊದಮೊದಲು ಇಬ್ಬರೂ ಮಕ್ಕಳೇ. ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಏಟಿಗೆ ಇಬ್ಬರೂ ಅಳುತ್ತಿದ್ದರು. ಮಗಳು ಎರಡನೆಯ ತರಗತಿಗೆ ಬರುವ ಹೊತ್ತಿಗೆ ಕರಿಯ ಪ್ರಾಯಕ್ಕೆ ಬಂದಿದ್ದ; ಅವಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟುಬರುವುದು ಅವನ ಕೆಲಸವಾಯಿತು. ಆಮೇಲೆ ಅವಳಿಗೆ ಸೈಕಲ್ಲು ಬಂದಿತು, ಸಂಜೆಯ ಪಾಠಗಳು ಬಂದವು, ಗೆಳತಿಯರು ಬಂದರು. ಅವಳ ಲಂಗಗಳು ವರ್ಷಕ್ಕೊಮ್ಮೆ ಗಿಡ್ಡವಾಗುತ್ತ ಬಂದಂತೆ ಅವನ ಮೂತಿಯ ಸುತ್ತ ನರೆ ಏರುತ್ತ ಬಂದಿತು. ಒಟ್ಟಿಗೆ ಬೆಟ್ಟ ಹತ್ತಲು ಹೊರಟ ಇಬ್ಬರಲ್ಲಿ ಒಬ್ಬರು ಇನ್ನೂ ಏರುತ್ತಿರುವಾಗಲೇ ಮತ್ತೊಬ್ಬರು ಇಳಿಯತೊಡಗಿದ ಹಾಗೆ ಆಗಿತ್ತು. ನಾಯಿ ಸಾಕಿರುವ ಮನೆಗಳಲ್ಲೆಲ್ಲ ತಾಯಂದಿರು ಇದನ್ನು ಕಂಡೇ ಇರುತ್ತಾರೆ.

2018ನೆಯ ಇಸವಿಯ ಬೇಸಿಗೆಯಲ್ಲಿ ಯಜಮಾನರಿಗೆ ಬೆಂಗಳೂರಿಗೆ ವರ್ಗವಾಯಿತು. ತಿಂಗಳೊಪ್ಪತ್ತು ಹುಡುಕಿದ ಮೇಲೆ ನಮ್ಮ ಕೈಗೆಟುಕುವ ಬಾಡಿಗೆಯ ಮನೆಯೊಂದು ಸಿಕ್ಕಿತು. ಅದು ಮೂರನೆಯ ಅಂತಸ್ತಿನ ಮನೆ, ಮೆಟ್ಟಿಲುಗಳು ಕಡಿದು, ಲಿಫ್ಟ್ ಇಲ್ಲ. ಮನೆಯೊಡೆಯರು ನಾಯಿ ಕೂಡದೆಂದು ಮೊದಲ ಮಾತಿನಲ್ಲೇ ಹೇಳಿಬಿಟ್ಟರು. ಅವರು ಒಪ್ಪಿದ್ದರೂ ಕಷ್ಟವೇ ಇದ್ದಿತು. ಕರಿಯನ ಹಿಂಗಾಲಿನ ಕೀಲುಗಳು ಸೋತಿವೆ, ಮೆಟ್ಟಿಲು ಹತ್ತಿಸಬೇಡಿರೆಂದು ಪಶುವೈದ್ಯರು ಅದಾಗಲೇ ಎಚ್ಚರಿಸಿದ್ದರು. ಮದ್ದೂರಿನ ಕಡೆಯ ಹಳ್ಳಿಯಲ್ಲಿ ನಮ್ಮ ಅಕ್ಕನವರ ಮನೆಯುಂಟು. ದೊಡ್ಡ ಹಿತ್ತಿಲು, ಹೊಂಗೆಯ ನೆರಳು, ಸದಾ ತೆರೆದ ಬಾಗಿಲು. “ನಾಯಿಯನ್ನು ನನ್ನ ಹತ್ತಿರ ಬಿಟ್ಟು ಹೋಗಿ” ಎಂದು ಅಕ್ಕ ಹೇಳಿಕಳುಹಿಸಿದರು. ಹಿರಿಯರಾದ ನಾವು ಇದೇ ಸರಿಯೆಂದುಕೊಂಡೆವು. ಮಗಳು ಎರಡು ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ ತಲೆ ಎತ್ತದೆಯೇ ಕೇಳಿದಳು: “ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೇ ಬರುವುದಿಲ್ಲ ಎಂದನಂತೆ. ನಾವು ಬೆಂಗಳೂರಿಗೆ ಬಿಟ್ಟು ಹೋಗಬಹುದೇ ಅಮ್ಮ?”

ಯಜಮಾನರು ನಗಲು ಹೊರಟವರು ನಗಲಿಲ್ಲ. ನಮ್ಮ ಬಳಿಯೂ ಉತ್ತರವಿರಲಿಲ್ಲ. ಮಹಾಭಾರತದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅವರು ಅದನ್ನು ನಿಜವೆಂದು ನಂಬುತ್ತಾರೆಂಬುದನ್ನು ನಾವು ಮರೆತಿರುತ್ತೇವೆ. ಆ ರಾತ್ರಿ ಯಜಮಾನರು, ದಾರಿಯಲ್ಲಿ ಆತಕೂರನ್ನು ನೋಡಿಕೊಂಡು ಹೋಗೋಣವೆಂದರು. ಶಾಸನದ ಪಾಠವನ್ನು ಗ್ರಂಥಾಲಯದಿಂದ ಬರೆದುಕೊಂಡು ಬಂದು ಜೇಬಿನಲ್ಲಿಟ್ಟುಕೊಂಡರು.

ಮೇ ತಿಂಗಳಿನ ಒಂದು ಬೆಳಗ್ಗೆ ಸಾಮಾನಿನ ಲಾರಿಯನ್ನು ಮುಂದೆ ಕಳುಹಿಸಿ, ಬಾಡಿಗೆಯ ಕಾರಿನಲ್ಲಿ ಹೊರಟೆವು. ಕರಿಯ ಮಗಳ ಕಾಲ ಮೇಲೆ ಗದ್ದವನ್ನಿಟ್ಟು ಮಲಗಿದ್ದ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿದ ಮೇಲೆ ದಾರಿಯ ಇಕ್ಕೆಲಗಳಲ್ಲಿಯೂ ಹಸಿರು ಹೆಚ್ಚುತ್ತದೆ. ಕನ್ನಂಬಾಡಿಯ ಕಟ್ಟೆಯ ನೀರು ವಿಶ್ವೇಶ್ವರಯ್ಯನವರ ಹೆಸರಿನ ನಾಲೆಯಲ್ಲಿ ಹರಿದು ಬಂದುದರಿಂದ ಈ ಸೀಮೆಗೆ ಬಂದ ಕಳೆ ಅದು. 1933ರಲ್ಲಿ ಮಂಡ್ಯದ ಸಕ್ಕರೆಯ ಕಾರ್ಖಾನೆ ಆರಂಭವಾದ ಮೇಲೆ ಕಬ್ಬೇ ಇಲ್ಲಿನ ಬಾಳಾಯಿತು. ಕಬ್ಬಿನ ಗದ್ದೆ ಮುಗಿದರೆ ತೆಂಗು, ತೆಂಗು ಮುಗಿದರೆ ಹಿಪ್ಪುನೇರಳೆ. ನೀರು ಹತ್ತದ ದಿಣ್ಣೆಗಳಲ್ಲಿ ಮಳೆಯನ್ನು ಕಾಯುತ್ತಿರುವ ಉಳುಮೆಯ ಹೊಲ. ಮದ್ದೂರಿನಲ್ಲಿ ಶಿಂಷಾ ನದಿಯನ್ನು ಕಂಡೆವು. ಕಾರನ್ನು ನಿಲ್ಲಿಸಿ ವಡೆಯನ್ನು ಕೊಂಡೆವು. ಕಾರಿನ ಚಾಲಕ ಒಳ್ಳೆಯ ಮನಸ್ಸಿನಿಂದ ತನ್ನ ಪಾಲಿನಲ್ಲೊಂದು ಚೂರನ್ನು ಮುರಿದು ಕರಿಯನ ಮುಂದೆ ಹಿಡಿದ. ಮಗಳು ಅವನ ಕೈಯನ್ನು ಹಿಡಿದು ತಡೆದಳು: “ಬೇಡ ಅಣ್ಣ, ಇದರಲ್ಲಿ ಈರುಳ್ಳಿಯಿದೆ. ನಾಯಿಗೆ ಈರುಳ್ಳಿ ವಿಷ.” ಮದ್ದೂರುವಡೆಯಿಂದ ಈರುಳ್ಳಿಯನ್ನು ತೆಗೆದರೆ ಉಳಿಯುವುದೇನು! ಕರಿಯನಿಗೆ ಬರಿಯ ಬಿಸ್ಕತ್ತೇ ಗತಿಯಾಯಿತು.

ಮದ್ದೂರಿನಿಂದ ಒಳದಾರಿಯನ್ನು ಹಿಡಿದರೆ ಪೇಟೆಯ ಸದ್ದು ಬೇಗನೆ ಹಿಂದೆ ಉಳಿಯುತ್ತದೆ. ಆತಕೂರು ಮಂಡ್ಯ ಸೀಮೆಯ ಬೇರೆ ಹಳ್ಳಿಗಳ ಹಾಗೆಯೇ ಒಂದು ಹಳ್ಳಿ. ಹೆಸರು ಕೇಳಿ ದೊಡ್ಡ ಗೋಪುರವನ್ನೋ ಕೋಟೆಯನ್ನೋ ಎದುರುನೋಡಿ ಹೋದವರಿಗೆ ನಿರಾಶೆಯಾದೀತು. ನಾವು ಇಳಿದಾಗ ಬಿಸಿಲು ಏರಿತ್ತು. ಹೊಸಬರನ್ನು ಕಂಡು ಊರಿನ ಎರಡು ನಾಯಿಗಳು ಬೊಗಳುತ್ತ ಬಂದವು. ಕರಿಯ ಬಾಲವನ್ನು ಕಾಲಸಂದಿಗೆ ಸೇರಿಸಿ ಮಗಳ ಹಿಂದೆ ಅವಿತುಕೊಂಡ. ಅರಳಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಆ ನಾಯಿಗಳನ್ನು ಗದರಿಸಿ, “ಏನವ್ವ, ನಾಯಿ ಕಲ್ಲು ನೋಡಾಕೆ ಬಂದ್ರಾ? ಕಲ್ಲು ಈಗ ಇಲ್ಲಿಲ್ಲ ಕಣವ್ವ, ಬೆಂಗಳೂರಲ್ಲೈತೆ” ಎಂದರು. ಆಮೇಲೆ ಕರಿಯನನ್ನು ನೋಡಿ, “ಇವನ್ನೂ ಕರ್ಕಂಡ್ ಬಂದಿದ್ದೀರಾ, ಒಳ್ಳೇದಾಯ್ತು ಬಿಡಿ” ಎಂದು ಸರಿದು ಕುಳಿತು ನಮಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟರು.

ಆ ಕಟ್ಟೆಯ ಮೇಲೆಯೇ ಯಜಮಾನರು ಜೇಬಿನ ಕಾಗದವನ್ನು ತೆಗೆದು ಶಾಸನದ ಕಥೆಯನ್ನು ಹೇಳಿದರು. ಅದನ್ನು ವಾಚಕರೂ ತಿಳಿಯುವುದು ಯುಕ್ತ.

ಕ್ರಿಸ್ತಶಕ 949ರಲ್ಲಿ, ಇಂದಿನ ತಮಿಳುನಾಡಿಗೆ ಸೇರಿರುವ ತಕ್ಕೋಲವೆಂಬಲ್ಲಿ ದೊಡ್ಡ ಯುದ್ಧವಾಯಿತು. ಒಂದು ಕಡೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಅವನ ಪಕ್ಷದ ಗಂಗರ ಅರಸು ಇಮ್ಮಡಿ ಬೂತುಗ; ಮತ್ತೊಂದು ಕಡೆ ಚೋಳರ ರಾಜಾದಿತ್ಯ. ರಾಜಾದಿತ್ಯ ಆನೆಯ ಮೇಲೆಯೇ ಮಡಿದ. ಬೂತುಗನ ಸಾಹಸಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ, ಬೆಳ್ವೊಲ ಮೊದಲಾದ ಐದು ನಾಡುಗಳನ್ನು ಕೊಟ್ಟ. ಬೂತುಗನಿಗೆ ಮಣಲೆರನೆಂಬ ವೀರನೊಬ್ಬನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಬೇಡಿಕೊಳ್ಳೆಂದ. ನಾಡುಗಳನ್ನು ಹಂಚುತ್ತಿದ್ದ ಆ ಹೊತ್ತಿನಲ್ಲಿ ಮಣಲೆರ ಬೇಡಿಕೊಂಡದ್ದು ಅರಸನ ಬೇಟೆಯ ನಾಯಿಯನ್ನು. ಅದರ ಹೆಸರು ಕಾಳಿ. ಬೂತುಗ ಅದನ್ನು ಕೊಟ್ಟ. ಮಣಲೆರನಿಗೆ ಆತಕೂರು ಮೊದಲಾದ ಹಳ್ಳಿಗಳೂ ದೊರಕಿದುವು. ಒಂದು ದಿನ ಬೆಳತೂರಿನ ಪಡುವಣ ದಿಬ್ಬದಲ್ಲಿ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಡಲಾಯಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಕಲ್ಲನ್ನು ನಿಲ್ಲಿಸಿದ. ಶಕ ವರ್ಷ 872ರ ಆ ಕಲ್ಲಿನ ಮೇಲೆ ರಾಜರ ಯುದ್ಧವೂ ನಾಯಿಯ ಮರಣವೂ ಒಟ್ಟಿಗೆ ಬರೆಯಲ್ಪಟ್ಟಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿ ಓದಿ ಅಚ್ಚುಹಾಕಿಸಿದ, ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸರ ದೊಡ್ಡ ಗ್ರಂಥಮಾಲೆಯಲ್ಲಿ ಇದೂ ಸೇರಿದೆ.

ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ದನಗಳನ್ನು ಹೊಡೆದೊಯ್ಯಲು ಬಂದ ಕಳ್ಳರೊಡನೆ ಕಾದಿ ಸತ್ತವನಿಗೆ, ಊರನ್ನು ಕಾಯಲು ಹೋಗಿ ಸತ್ತವನಿಗೆ, ಒಡೆಯನಿಗಾಗಿ ಸತ್ತವನಿಗೆ ಊರೂರಿನಲ್ಲಿಯೂ ಕಲ್ಲುಂಟು. ಅಂಥ ಮಾನವನ್ನು ಒಂದು ನಾಯಿಗೆ ಕೊಟ್ಟುದೇ ಆತಕೂರಿನ ವಿಶೇಷ.

ಕಥೆ ಮುಗಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಷ್ಟು ಇಷ್ಟಪಟ್ಟು ಕೇಳಿಕೊಂಡ ನಾಯಿಯನ್ನು ಹಂದಿಯ ಮೇಲೆ ಏಕೆ ಬಿಡಬೇಕಾಗಿತ್ತು?” ಎಂದಳು.

“ಬೇಟೆಯ ನಾಯಿಗೆ ಅದೇ ಕೆಲಸವಮ್ಮ” ಎಂದರು ಯಜಮಾನರು.

“ಹಾಗಾದರೆ ಕಲ್ಲು ನಾಯಿಗಾಗಿಯೋ, ಇವನ ಮನಸ್ಸಿನ ಸಮಾಧಾನಕ್ಕಾಗಿಯೋ?”

ಮಕ್ಕಳು ಬೆಳೆಯುತ್ತಿರುವುದು ಅವರ ಎತ್ತರದಿಂದಲ್ಲ, ಇಂಥ ಪ್ರಶ್ನೆಗಳಿಂದ ತಿಳಿಯುತ್ತದೆ. ಯಜಮಾನರು ಉತ್ತರ ಹೇಳಲು ಹೋಗದೆ ಕಾಗದದಲ್ಲಿ ಉಳಿದಿದ್ದ ಭಾಗವನ್ನು ಓದಿ ಅರ್ಥ ಹೇಳಿದರು. ಮಣಲೆರನ ಕಾಲದಲ್ಲಿ ಕಲ್ಲು ನಿಲ್ಲಿಸುವುದರೊಡನೆ ಕೆಲಸ ಮುಗಿಯಲಿಲ್ಲ. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಅದಕ್ಕೆ ಬಿಡಲಾಯಿತು. ದೇವಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಊಟ ಮಾಡಕೂಡದು. ಮಾಡಿದರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ಭೂಮಿಯನ್ನು ಕೆಡಿಸಿದವರಿಗೂ ಅದೇ ಪಾಪ.

ಮಗಳ ಮುಖ ಅರಳಿತು. “ಕರಿಯನ ಪಾಪ ಎಂದರೆ ಮೂರು ಚಪ್ಪಲಿ, ಪಕ್ಕದ ಮನೆಯ ಒಂದು ಕೋಳಿ, ನನ್ನ ಗಣಿತದ ಪುಸ್ತಕ” ಎಂದು ಬೆರಳು ಮಡಿಸಿ ಎಣಿಸಿದಳು. ಕಟ್ಟೆಯ ಮುದುಕರೂ ನಕ್ಕರು. ಆದರೆ ನಗುವಿನ ನಡುವೆಯೂ ಅವಳು ತಂದೆಯ ಕೈಯಿಂದ ಆ ಕಾಗದವನ್ನು ತೆಗೆದುಕೊಂಡು, ಊಟದ ನಿಯಮವಿದ್ದ ಸಾಲನ್ನು ಮತ್ತೆ ಮತ್ತೆ ನೋಡಿದುದನ್ನು ನಾವು ಕಂಡೆವು. ಚಿಕ್ಕಂದಿನಲ್ಲಿ, ಕರಿಯನಿಗೆ ಹಾಕುವವರೆಗೆ ತಾನು ಎಲೆಯ ಮುಂದೆ ಕೂರುವುದಿಲ್ಲವೆಂದು ಹಟ ಹಿಡಿಯುತ್ತಿದ್ದವಳು ಅವಳೇ. ಪಾಠಗಳು ಹೆಚ್ಚಿದಂತೆ ಆ ಹಟ ಸಡಿಲವಾಗಿ, ಕೆಲಸ ಅಡಿಗೆಯ ಮನೆಯ ಪಾಲಿಗೆ ಬಂದಿತ್ತು.

ಮಣಲೆರ ದುಃಖಪಟ್ಟನೆಂದು ಶಾಸನ ಹೇಳುವುದಿಲ್ಲ. ಕಾಳಿಯ ಗುಣಗಾನವನ್ನು ಹತ್ತು ಸಾಲು ಬೆಳೆಸುವುದೂ ಇಲ್ಲ. ನಾಳೆ ಬೆಳಗ್ಗೆ ಯಾರು ಬಂದು ಏನು ಮಾಡಬೇಕು, ಅದಕ್ಕೆ ಖರ್ಚು ಎಲ್ಲಿಂದ, ತಪ್ಪಿದರೆ ಏನು ಎಂಬುದನ್ನು ಮಾತ್ರ ಗೊತ್ತುಮಾಡುತ್ತದೆ. ಲೆಕ್ಕದ ಪುಸ್ತಕದಂಥ ಆ ಸಾಲುಗಳಲ್ಲಿ ಇರುವಷ್ಟು ಪ್ರೀತಿ ಎಷ್ಟೋ ಶೋಕಗೀತೆಗಳಲ್ಲಿ ಇರುವುದಿಲ್ಲವೆಂದು ನಮಗೆ ತೋರಿತು.

ಅಕ್ಕನವರ ಹಳ್ಳಿ ಅಲ್ಲಿಂದ ಎರಡು ಹರದಾರಿ. ನಾವು ಸೇರಿದಾಗ ಊಟದ ಹೊತ್ತು. ಅಕ್ಕ ಬಿಸಿ ಮುದ್ದೆಯನ್ನೂ ಸೊಪ್ಪಿನ ಸಾರನ್ನೂ ಮಾಡಿಟ್ಟಿದ್ದರು. ಕೈಕಾಲು ತೊಳೆದ ಮಗಳು ಎಲೆಯ ಮುಂದೆ ಬರಲಿಲ್ಲ. ನಡುಮನೆಯಲ್ಲಿ ಕುಳಿತು ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ಬರೆಯತೊಡಗಿದಳು. ಕಾಲು ಗಂಟೆಯ ಮೇಲೆ ತಂದು ದೊಡ್ಡಮ್ಮನ ಕೈಗೆ ಕೊಟ್ಟಳು. ಅದರಲ್ಲಿ ಇದ್ದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕರಿಯನಿಗೆ ಬೆಳಗ್ಗೆ ಅರ್ಧ ಮುದ್ದೆ, ಮೊಸರಿನೊಡನೆ, ಸಂಜೆ ಅನ್ನ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟು ಯಾವುದೂ ಕೂಡದು. ಬೇಯಿಸಿದ ಕೋಳಿಯ ಮೂಳೆ ಚೂರಾಗಿ ಗಂಟಲಿಗೆ ಚುಚ್ಚುತ್ತದೆ, ಅದೂ ಕೂಡದು. ಹುಚ್ಚುರೋಗದ ಚುಚ್ಚುಮದ್ದು ವರ್ಷಕ್ಕೊಮ್ಮೆ. ಮುಂದಿನ ತಾರೀಖು ಇಂಥದ್ದು. ಗುಡುಗಿದರೆ ಅವನನ್ನು ಒಳಕ್ಕೆ ಕರೆದುಕೊಳ್ಳಬೇಕು, ಅವನು ಹೆದರುತ್ತಾನೆಂದು ಯಾರೂ ನಗಕೂಡದು. ಇದರ ಖರ್ಚಿಗೆ ತನ್ನ ಯುಗಾದಿಯ ಹಣ 600 ರೂಪಾಯಿ. ಕೊನೆಯಲ್ಲಿ, ಕರಿಯನಿಗೆ ಹಾಕದೆ ಈ ಮನೆಯಲ್ಲಿ ಯಾರಾದರೂ ಉಂಡರೆ ಅವರಿಗೆ ಮೂರು ಚಪ್ಪಲಿಯ, ಒಂದು ಕೋಳಿಯ, ಒಂದು ಗಣಿತದ ಪುಸ್ತಕದ ಪಾಪ.

ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿಯಾಗಿ ಓದಿದರು. “ಶಾಪ ಬೇಡ ಕಣೇ ತಾಯಿ, ನಾನು ಹಾಕುತ್ತೇನೆ” ಎಂದು ಎದ್ದು, ಆ ಹಾಳೆಯನ್ನು ಅಡಿಗೆಯ ಮನೆಯ ಗೋಡೆಗೆ, ಪಂಚಾಂಗದ ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿದರು. ಹಣವನ್ನು ಮಾತ್ರ ಹಿಂದಕ್ಕೆ ಕೊಡಲು ಹೋದರು. ಮಗಳು ತೆಗೆದುಕೊಳ್ಳಲಿಲ್ಲ. “ಅದು ಇರಲೇಬೇಕು ದೊಡ್ಡಮ್ಮ” ಎಂದಳು. ಅಕ್ಕ ನಮ್ಮ ಮುಖ ನೋಡಿದರು, ನಾವು ತಲೆಯಾಡಿಸಿದೆವು, ಅವರು ಹಣವನ್ನು ಉಪ್ಪಿನ ಜಾಡಿಯ ಹಿಂದಿನ ಡಬ್ಬಿಯಲ್ಲಿ ಬೇರೆಯಾಗಿಟ್ಟರು. ಕರಿಯ ಉಂಡ ಮೇಲೆ ಎಲ್ಲರೂ ಉಂಡೆವು.

ಹೊರಡುವಾಗ ಅವಳು ಅಳಲಿಲ್ಲವೆಂದು ಬರೆದರೆ ಸುಳ್ಳಾದೀತು. ಮದ್ದೂರು ಬರುವವರೆಗೂ ಅತ್ತಳು. ಕರಿಯ ಸ್ವಲ್ಪ ದೂರ ಕಾರಿನ ಹಿಂದೆ ಕುಂಟುತ್ತ ಬಂದು, ಬೇಲಿಯ ತಿರುವಿನಲ್ಲಿ ನಿಂತುಬಿಟ್ಟ. ಧರ್ಮರಾಯನ ಪ್ರಶ್ನೆಗೆ ನಮಗೆ ಅಂದಿಗೂ ಉತ್ತರ ಸಿಕ್ಕಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ; ಅದರ ಬದಲು, ಎಷ್ಟು ದಿನಕ್ಕೊಮ್ಮೆ ಬರಬಹುದು, ರೈಲಿನ ದರವೆಷ್ಟು ಎಂದು ಕೇಳಿದಳು.

ಬೆಂಗಳೂರಿನಲ್ಲಿ ಸಾಮಾನು ಬಿಚ್ಚಿ ವಾರವಾಗುವುದರೊಳಗೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1865ರಲ್ಲಿ ಆರಂಭವಾದ ಸಂಸ್ಥೆ ಅದು. ಈಗಿನ ಕೆಂಪು ಕಟ್ಟಡ 1877ರದು. ಆತಕೂರಿನ ಕಲ್ಲು ಅಲ್ಲಿ ಬೇರೆ ಕಲ್ಲುಗಳ ನಡುವೆ ನಿಂತಿದ್ದಿತು. ಸುತ್ತ ಹಳಗನ್ನಡದ ಅಕ್ಷರಗಳು. ನಡುವೆ ಹಂದಿಯೊಡನೆ ಸೆಣಸುತ್ತಿರುವ ಕಾಳಿ. ಶಿಲ್ಪಿ ಯಾರೋ ತಿಳಿಯದು, ಆದರೆ ನಾಯಿಯನ್ನು ಕಂಡು ಬಲ್ಲವನೇ ಇರಬೇಕು. ಮಗಳು ಬಹಳ ಹೊತ್ತು ನೋಡಿದಳು. “ಇಲ್ಲಿ ಇದಕ್ಕೆ ಪೂಜೆ ಯಾರು ಮಾಡುತ್ತಾರೆ?” ಎಂದು ಕೇಳಿದಳು. ಇಲ್ಲಿ ಪೂಜೆಯಿಲ್ಲ, ಧೂಳು ಒರೆಸುತ್ತಾರೆ, ಮಳೆಬಿಸಿಲು ತಾಗದಂತೆ ನೋಡಿಕೊಳ್ಳುತ್ತಾರೆ ಎಂದರು ಯಜಮಾನರು. “ಅದೂ ಆಗಬಹುದು” ಎಂದು ಅವಳು ಒಪ್ಪಿದಳು.

ಕರಿಯ ಅಕ್ಕನ ಹಿತ್ತಿಲಿನಲ್ಲಿ ನಾಲ್ಕು ವರ್ಷ ಬಾಳಿದ. ಮಗಳು ರಜೆ ಬಂದಾಗಲೆಲ್ಲ ಹೋಗುತ್ತಿದ್ದಳು. 2020ರಲ್ಲಿ ಸಾಂಕ್ರಾಮಿಕದಿಂದಾಗಿ ಶಾಲೆಗಳು ಮುಚ್ಚಿದಾಗ ತಿಂಗಳುಗಟ್ಟಲೆ ಅಲ್ಲಿಯೇ ಉಳಿದಳು. ಚುಚ್ಚುಮದ್ದಿನ ತಾರೀಖು ಒಮ್ಮೆಯೂ ತಪ್ಪಲಿಲ್ಲ. ಡಬ್ಬಿಯ ಹಣ ಮುಗಿದಾಗ ಅವಳೇ ತುಂಬಿದಳು. 2022ರ ಮಳೆಗಾಲದಲ್ಲಿ, ಹೊಂಗೆಯ ಮರದ ಬುಡದಲ್ಲಿ ಮಲಗಿದ ಕರಿಯ ಮತ್ತೆ ಏಳಲಿಲ್ಲ. ಅಲ್ಲಿಯೇ ಮಣ್ಣು ಮಾಡಿದರು. ಮೇಲೆ ಕಲ್ಲು ಯಾವುದನ್ನೂ ನಿಲ್ಲಿಸಲಿಲ್ಲ. ಮುಂದಿನ ವರ್ಷ ನಾವು ಹೋದಾಗ ಅಕ್ಕನ ಜಗಲಿಯಲ್ಲಿ ಕಂದುಬಣ್ಣದ ಮರಿಯೊಂದು ಓಡಾಡುತ್ತಿತ್ತು. ಅಡಿಗೆಯ ಮನೆಯ ಗೋಡೆಯ ಮೇಲೆ ಎಣ್ಣೆಯ ಜಿಡ್ಡು ಹಿಡಿದ ಆ ಹಾಳೆ ಹಾಗೆಯೇ ಇದ್ದಿತು. ಮಗಳು ಅದನ್ನು ಕೆಳಗಿಳಿಸಿ, ಹೆಸರನ್ನೂ ತಾರೀಖನ್ನೂ ತಿದ್ದಿ, ಪಾಪಗಳ ಪಟ್ಟಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು, ಮತ್ತೆ ಮೊಳೆಗೆ ಸಿಕ್ಕಿಸಿದಳು.

2023ರಲ್ಲಿ ತೆರೆದ ಹೊಸ ಹೆದ್ದಾರಿ ಮದ್ದೂರಿನ ಪೇಟೆಗೆ ಇಳಿಯದೆಯೇ ಸಾಗಿಹೋಗುತ್ತದೆ. ಬೇಗ ಸೇರಬೇಕಾದವರಿಗೆ ಅದು ಅನುಕೂಲವೇ ಸರಿ. ಆದರೆ ಮಕ್ಕಳನ್ನು ಕರೆದುಕೊಂಡು ಬಿಡುವಾಗಿ ಹೊರಟವರು ಹಳೆಯ ದಾರಿಯಲ್ಲಿಯೇ ಹೋಗಿ, ವಡೆಯನ್ನು ಕಟ್ಟಿಸಿಕೊಂಡು, ಒಳದಾರಿಗೆ ತಿರುಗಬಹುದು. ಕಲ್ಲನ್ನು ನೋಡಬೇಕೆನ್ನುವವರು ಬೆಂಗಳೂರಿಗೇ ಹೋಗಬೇಕು. ಅಲ್ಲಿಗೆ ನಾಯಿಗಳನ್ನು ಬಿಡುವುದಿಲ್ಲ. ಆತಕೂರಿಗಾದರೆ ಅಂಥ ತಡೆಯಿಲ್ಲ. ಸಾಕಿದ ನಾಯಿಯಿದ್ದರೆ ಕರೆದುಕೊಂಡೇ ಹೋಗಿರಿ. ವಡೆಯನ್ನು ಮಾತ್ರ ಅದರ ಬಾಯಿಗೆಟುಕದಂತೆ ಎತ್ತಿಡಿರಿ.